ಪಂಕ್ತಿಯಿಂದ ಎದ್ದು ಹೋದ ಪೇತ್ರ

ಪ್ರಶ್ನೆ: ಅಯ್ಯನವರೇ, ನಮಸ್ಕಾರ. ನಮ್ಮದು ತುಮಕೂರು ಕಡೆ, ತಾತನ ಕಾಲದಿಂದ ಕ್ರೈಸ್ತರು. ನಾನು 11 ವರ್ಷದಿಂದ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಆಯುಧಪೂಜೆ ದಿನ ಪ್ರತಿ ವರ್ಷ ಹಿಂದೆ ನಿಂತಿರುತ್ತಿದ್ದೆ. ಈ ವರ್ಷ ಯಜಮಾನರು ಎಲ್ಲರ ಮುಂದೆ ಕರೆದು, 'ನೀವೇ ಸೀನಿಯರ್, ನೀವೇ ಎತ್ತಿ' ಅಂತ ಆರತಿ ತಟ್ಟೆ ಕೈಗೆ ಕೊಟ್ಟರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಗುತ್ತಾ ಎತ್ತಿಬಿಟ್ಟೆ. ಯಾರೋ ಫೋಟೋ ತೆಗೆದು ಸ್ಟೇಟಸ್ ಹಾಕಿದರು, ಅದು ನಮ್ಮ ಸಭೆಯವರ, ಅಂದರೆ ಚರ್ಚಿನವರ, ತನಕ ಹೋಯಿತು. ಆ ವಾರದ ಮನೆಕೂಟದಲ್ಲಿ ಒಬ್ಬ ಹಿರಿಯರು 'ಎರಡು ದೋಣಿಯಲ್ಲಿ ಕಾಲಿಟ್ಟವರಿಗಾಗಿ' ಪ್ರಾರ್ಥನೆ ಮಾಡಿದರು. ಹೆಸರು ಹೇಳಲಿಲ್ಲ. ಆದರೂ ಎಲ್ಲರಿಗೂ ಗೊತ್ತಾಯಿತು.

ಇನ್ನು ಗಟ್ಟಿಯಾಗಬೇಕು ಅಂದುಕೊಂಡೆ. ದೀಪಾವಳಿ ಮುಗಿದ ಮೇಲೆ ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ ಮಾದಪ್ಪನ ಬೆಟ್ಟದ ಲಾಡು ತಂದು ಕೊಟ್ಟರು. ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಹುಡುಗ ಪಕ್ಕದಲ್ಲೇ ನಿಂತಿದ್ದ. 'ನಾವು ಇದನ್ನೆಲ್ಲ ತಿನ್ನಲ್ಲ' ಅಂತ ಜೋರಾಗಿಯೇ ಹೇಳಿ ತಟ್ಟೆ ವಾಪಸ್ ತಳ್ಳಿದೆ. ಅವತ್ತಿನಿಂದ ಮಧ್ಯಾಹ್ನ ಅವರೆಲ್ಲರ ಜೊತೆ ಊಟಕ್ಕೆ ಕೂರುತ್ತಿಲ್ಲ, ನನ್ನ ಟೇಬಲ್ಲಿನಲ್ಲೇ ತಿನ್ನುತ್ತೇನೆ. ಸಭೆಯಲ್ಲಿ ಮೆಚ್ಚಿಕೊಂಡರು. ಸಮಿತಿ ಚುನಾವಣೆಗೆ ನಿಲ್ಲಿ ಅನ್ನುತ್ತಿದ್ದಾರೆ, ನಾಮಪತ್ರಕ್ಕೆ ಮುಂದಿನ ಭಾನುವಾರ ಕೊನೆಯ ದಿನ. ಆದರೆ ನೆಮ್ಮದಿ ಇಲ್ಲ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಆ ಅಕ್ಕ ಎರಡು ರಾತ್ರಿ ಬಂದು ಕೂತಿದ್ದರು. ನಾನು ಕ್ರಿಸ್ತನಿಗೆ ನಂಬಿಗಸ್ತನಾಗಿದ್ದೇನಾ, ಇಲ್ಲಾ ಜನರನ್ನು ಮೆಚ್ಚಿಸುತ್ತಿದ್ದೇನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಆರತಿ ತಟ್ಟೆ ಕಣ್ಣಿಗೆ ಬಿತ್ತು. ಎರಡನೇ ಸಲ ಲಾಡಿನ ತಟ್ಟೆ. ಮೊದಲನೆಯದಕ್ಕೆ ನಿಮಗೆ ಬೈಗುಳ ಸಿಕ್ಕಿತು, ಎರಡನೆಯದಕ್ಕೆ ಶಹಭಾಸ್ ಸಿಕ್ಕಿತು. ನಿದ್ದೆ ಕೆಡಿಸುತ್ತಿರುವುದು ಮಾತ್ರ ಎರಡನೆಯದೇ ಅಂತ ನನಗನ್ನಿಸುತ್ತದೆ. ಇಲ್ಲದಿದ್ದರೆ ಪತ್ರದ ಕೊನೆಯಲ್ಲಿ, ಸಂಬಂಧವೇ ಇಲ್ಲದ ಹಾಗೆ, ಆಸ್ಪತ್ರೆಯ ಆ ಎರಡು ರಾತ್ರಿಗಳು ಯಾಕೆ ಬರುತ್ತಿದ್ದವು?

ನಾನು 30 ವರ್ಷಕ್ಕೂ ಜಾಸ್ತಿ ಕನ್ನಡ ಸಭೆಗಳಲ್ಲಿ ಸೇವೆ ಮಾಡಿದವನು, ಮಧ್ಯೆ ಕೆಲವು ವರ್ಷ ಹೊಸ ಒಡಂಬಡಿಕೆ ಪಾಠ ಹೇಳಿದವನು. ನಿಮ್ಮಂಥ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ನಾವು ಪಾಸ್ಟರುಗಳು ತೆಗೆಯುವ ವಾಕ್ಯ ಒಂದಿದೆ: ಗಲಾತ್ಯದವರಿಗೆ ಬರೆದ ಪತ್ರಿಕೆ, 1ನೇ ಅಧ್ಯಾಯ, 10ನೇ ವಚನ. ನಾನಿನ್ನೂ ಮನುಷ್ಯರನ್ನು ಮೆಚ್ಚಿಸುವವನಾಗಿದ್ದರೆ ಕ್ರಿಸ್ತನ ದಾಸನಾಗಿರುತ್ತಿರಲಿಲ್ಲ ಅಂತ, ಮೊದಲ ತಲೆಮಾರಿನ ಸಭೆಗಳನ್ನು ಕಟ್ಟಿದ ಪೌಲ ಹೇಳುವ ಮಾತು. ಅದನ್ನು ಓದಿ, ಆಫೀಸಿನಲ್ಲಿ ಹೆದರಬೇಡಿ, ಧೈರ್ಯವಾಗಿರಿ ಅಂತ ಹೇಳಿ ಕಳಿಸುತ್ತೇವೆ. ನಾನೂ ಎಷ್ಟೋ ಜನಕ್ಕೆ ಹಾಗೆ ಹೇಳಿದ್ದೇನೆ. ತೊಂದರೆ ಏನೆಂದರೆ, ಪೌಲ ಅದನ್ನು ಬರೆದದ್ದು ಆಫೀಸಿನವರ ವಿಷಯಕ್ಕಲ್ಲ. ಪುಟ ತಿರುಗಿಸಿ 2ನೇ ಅಧ್ಯಾಯಕ್ಕೆ ಬನ್ನಿ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ಅಲ್ಲಿ ಗೊತ್ತಾಗುತ್ತದೆ.

ಊರು ಅಂತಿಯೋಕ್ಯ. ಈಗಿನ ಟರ್ಕಿಯ ಅಂತಾಕ್ಯ. ರೋಮ್ ಮತ್ತು ಅಲೆಕ್ಸಾಂಡ್ರಿಯ ಬಿಟ್ಟರೆ ಆ ಸಾಮ್ರಾಜ್ಯದಲ್ಲಿ ಅಷ್ಟು ದೊಡ್ಡ ಪಟ್ಟಣ ಇನ್ನೊಂದಿರಲಿಲ್ಲ. ನಮ್ಮ ಬೆಂಗಳೂರಿನ ಹಾಗೆ ಎಲ್ಲಾ ಕಡೆಯ ಜನ, ಎಲ್ಲಾ ಭಾಷೆ, ಎಲ್ಲಾ ದೇವರು. ಯೇಸುವಿನ ಶಿಷ್ಯರಿಗೆ 'ಕ್ರೈಸ್ತರು' ಅನ್ನೋ ಹೆಸರು ಬಂದದ್ದೇ ಆ ಊರಿನಲ್ಲಿ. ಅಲ್ಲಿನ ಸಭೆಯಲ್ಲಿ ಯೆಹೂದ್ಯರೂ, ಯೆಹೂದ್ಯರಲ್ಲದ ಅನ್ಯಜನರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಯೇಸುವಿನ ಶಿಷ್ಯರಲ್ಲಿ ಮುಂದಾಳಾದ ಪೇತ್ರನೂ ಕೂರುತ್ತಿದ್ದ. ಅವನು ಗೊತ್ತಿಲ್ಲದೆ ಕೂತವನಲ್ಲ. ಯೊಪ್ಪ ಪಟ್ಟಣದ ಮಾಳಿಗೆ ಮೇಲೆ, ದೇವರು ಶುದ್ಧಮಾಡಿದ್ದನ್ನು ಅಶುದ್ಧ ಅನ್ನಬೇಡ ಅನ್ನುವ ದರ್ಶನ ನೋಡಿ, ರೋಮಿನ ಸೇನಾಧಿಕಾರಿ ಕೊರ್ನೇಲ್ಯನ ಮನೆಗೆ ಹೋಗಿ, ದೇವರು ಪಕ್ಷಪಾತಿಯಲ್ಲ ಅಂತ ತಾನೇ ಬಾಯಿಬಿಟ್ಟು ಹೇಳಿದ್ದವನು.

ಅಷ್ಟರಲ್ಲಿ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ, ಯೆಹೂದ್ಯ ನಿಯಮ ಬಿಡದ ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಆಮೇಲೆ ಬೇರೆಯೇ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಪಂಕ್ತಿಭೇದ ಅಂದರೆ ಏನು ಅಂತ ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇದು ಅದೇ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಅದನ್ನು ಅವನು 'ಕಪಟ' ಅನ್ನುತ್ತಾನೆ. ಗ್ರೀಕಿನಲ್ಲಿ ಅಲ್ಲಿರುವುದು 'ಹುಪೊಕ್ರಿಸಿಸ್', ನಾಟಕದಲ್ಲಿ ಪಾತ್ರ ಮಾಡುವುದಕ್ಕೆ ಬಳಸುತ್ತಿದ್ದ ಪದ.

ಪೇತ್ರ ಯಾರಿಗೆ ಹೆದರಿದ ಅಂತ ಗಮನಿಸಿ. ರೋಮಿನವರಿಗಲ್ಲ, ಪಕ್ಕದ ಬೀದಿಯ ಗುಡಿಯವರಿಗಲ್ಲ. ತನ್ನವರಿಗೆ. ಸಭೆಯವರಿಗೆ. ನಿಯಮ ಬಿಡದೆ ಪಾಲಿಸುವವರಿಗೆ, ಭಕ್ತಿಯಲ್ಲಿ ತನಗಿಂತ ಒಂದು ಕೈ ಮೇಲು ಅನ್ನಿಸಿಕೊಂಡವರಿಗೆ.

ಪೇತ್ರ ಜನರಿಗೆ ಹೆದರಿ ಎಡವಿದ್ದು ಎರಡು ಸಲ ಸತ್ಯವೇದದಲ್ಲಿ ಬರುತ್ತದೆ. ಒಂದು, ಯೇಸುವನ್ನು ಹಿಡಿದ ರಾತ್ರಿ. ಚಳಿಗೆ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತಾ, ನೀನು ಅವನ ಶಿಷ್ಯನಲ್ಲವಾ ಅಂತ ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ 'ನಾನಲ್ಲ' ಅಂದ. ಆಮೇಲೆ, ಯೇಸು ಮೊದಲೇ ಹೇಳಿದ್ದ ಹಾಗೆ, ಕೋಳಿ ಕೂಗಿತು, ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ. ಇನ್ನೊಂದು, ಅಂತಿಯೋಕ್ಯದ್ದು. ಇದಕ್ಕೆ ಅವನು ಅತ್ತ ಅಂತ ಎಲ್ಲೂ ಬರೆದಿಲ್ಲ. ಕೋಳಿಯೂ ಕೂಗಲಿಲ್ಲ. ಬಹುಶಃ ಪಂಕ್ತಿಯಿಂದ ಎದ್ದಾಗ ತಾನು ಏನೋ ತಪ್ಪು ಮಾಡುತ್ತಿದ್ದೇನೆ ಅಂತ ಅವನಿಗೆ ಅನ್ನಿಸಿರಲಿಕ್ಕಿಲ್ಲ. ಶುದ್ಧವಾಗಿದ್ದೇನೆ ಅಂತಲೇ ಅನ್ನಿಸಿರಬೇಕು. ಹೊರಗಿನವರ ಭಯ ಭಯದ ಹಾಗೇ ಕಾಣುತ್ತದೆ, ನಾಚಿಕೆ ತರುತ್ತದೆ. ಒಳಗಿನವರ ಭಯ ಭಕ್ತಿಯ ವೇಷ ಹಾಕಿಕೊಂಡು ಬರುತ್ತದೆ.

ನಿಮ್ಮ ಆರತಿ ತಟ್ಟೆ ಆ ಇದ್ದಲಿನ ಬೆಂಕಿ. ಲಾಡಿನ ತಟ್ಟೆ ಅಂತಿಯೋಕ್ಯ.

ಮೊದಲು ಆರತಿಯ ವಿಷಯ ಮುಗಿಸಿಬಿಡೋಣ, ಅದು ಸುಲಭದ್ದು. ಆರತಿ ಎತ್ತುವುದು ಪೂಜೆ. ಅದರಲ್ಲಿ ಸುತ್ತಿ ಬಳಸಿ ಹೇಳುವುದೇನಿಲ್ಲ. ನೀವು ಎತ್ತಬಾರದಿತ್ತು. ನಿಮ್ಮ ನಂಬಿಕೆಯ ದೃಷ್ಟಿಯಿಂದಲೂ ಹೌದು, ಯಜಮಾನರ ನಂಬಿಕೆಯ ದೃಷ್ಟಿಯಿಂದಲೂ ಹೌದು. ಅವರಿಗೆ ಅದು ದೇವರ ಕೆಲಸ. ಮನಸ್ಸಿಲ್ಲದೆ ಹಲ್ಲು ಕಿರಿಯುತ್ತಾ ಎತ್ತಿದವನು ಅವರಿಗೂ ಮರ್ಯಾದೆ ಕೊಟ್ಟ ಹಾಗಾಗಲಿಲ್ಲ. ಆದರೆ ಯಜಮಾನರು ನಿಮ್ಮನ್ನು ಪರೀಕ್ಷೆ ಮಾಡಲಿಲ್ಲ ಅನ್ನೋದನ್ನು ಮರೆಯಬೇಡಿ. ಅವರಿಗೆ ತಿಳಿದ ರೀತಿಯಲ್ಲಿ ನಿಮಗೆ ಗೌರವ ಕೊಟ್ಟರು. 11 ವರ್ಷ ಹಿಂದೆ ನಿಂತವನನ್ನು ಮುಂದೆ ಕರೆದರು. ನೀವು ಯಾಕೆ ಹಿಂದೆ ನಿಲ್ಲುತ್ತೀರಿ ಅಂತ ಆ 11 ವರ್ಷದಲ್ಲಿ ಒಂದು ಸಲವೂ ನೀವು ಅವರಿಗೆ ಹೇಳಿಲ್ಲ ಅಂತ ಕಾಣುತ್ತದೆ. ತಪ್ಪು ಅಲ್ಲೇ ಶುರುವಾಯಿತು, ತಟ್ಟೆ ಕೈಗೆ ಬಂದ ಕ್ಷಣದಲ್ಲಲ್ಲ. ಆ ಕ್ಷಣದಲ್ಲಿ ಯಾರಿಗಾದರೂ ಬಾಯಿ ಕಟ್ಟುತ್ತದೆ.

ಎರಡನೇ ಅರಸುಗಳು 5ನೇ ಅಧ್ಯಾಯದಲ್ಲಿ ನಾಮಾನ ಅಂತ ಒಬ್ಬ ಬರುತ್ತಾನೆ, ಅರಾಮಿನ ಸೇನಾಪತಿ. ಕುಷ್ಠ ವಾಸಿಯಾದ ಮೇಲೆ ಪ್ರವಾದಿ ಎಲೀಷನ ಮುಂದೆ ನಿಂತು ಒಂದು ಮುಜುಗರದ ಮಾತು ಕೇಳುತ್ತಾನೆ. ನಮ್ಮ ರಾಜ ರಿಮ್ಮೋನನ ಗುಡಿಗೆ ನನ್ನ ಕೈ ಹಿಡಿದುಕೊಂಡು ಹೋಗುತ್ತಾನೆ, ಅವನು ಬಗ್ಗಿದಾಗ ನಾನೂ ಬಗ್ಗಬೇಕಾಗುತ್ತದೆ, ಯೆಹೋವನು ಇದನ್ನು ಕ್ಷಮಿಸಲಿ ಅಂತ. ಎಲೀಷ ಪ್ರಸಂಗ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ. ಈ ವಾಕ್ಯ ಇಟ್ಟುಕೊಂಡು ಏನು ಬೇಕಾದರೂ ಮಾಡಬಹುದು ಅನ್ನುವವರಿದ್ದಾರೆ, ನಾನು ಆ ಗುಂಪಿನವನಲ್ಲ. ನನಗೆ ಅದರಲ್ಲಿ ಇಷ್ಟವಾಗುವುದು ಬೇರೆ: ನಾಮಾನ ಮೊದಲೇ ಹೇಳಿದ. ಬಚ್ಚಿಡಲಿಲ್ಲ. ಕೆಲಸದ ಮೇಲೆ ಗುಡಿಯೊಳಗೆ ನಿಲ್ಲುವುದಕ್ಕೂ, ತಾನೇ ಪೂಜೆ ಮಾಡುವುದಕ್ಕೂ ಇರುವ ಅಂತರ ಅವನಿಗೆ ಗೊತ್ತಿತ್ತು.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಮುಂದಿನ ಆಯುಧಪೂಜೆ ತನಕ ಕಾಯಬೇಡಿ. ಒಂದು ಸಂಜೆ, ಬಿಲ್ಲುಗಳಿಗೆ ಸಹಿ ಹಾಕಿಸಿಕೊಳ್ಳುವಾಗ, ಒಬ್ಬರೇ ಇದ್ದಾಗ ಹೇಳಿ: 'ಸಾರ್, ಅವತ್ತು ನೀವು ನನ್ನ ಕರೆದದ್ದು ನನಗೆ ದೊಡ್ಡ ಮಾತು. ಆದರೆ ನಮ್ಮ ನಂಬಿಕೆಯಲ್ಲಿ ನಾನು ಆರತಿ ಎತ್ತೋ ಹಾಗಿಲ್ಲ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯ್ತು. ಬೇರೆ ಏನು ಕೆಲಸ ಇದ್ದರೂ ನಾನು ನೋಡ್ಕೋತೀನಿ.' ಬೋನಸ್ ಕವರುಗಳು, ಸ್ವೀಟ್ ಬಾಕ್ಸಿನ ಲೆಕ್ಕ, ಬೂದುಗುಂಬಳ ಒಡೆದ ಮೇಲೆ ಗೇಟಿನ ಮುಂದೆ ಗುಡಿಸುವುದು. ಕೊನೆಯದನ್ನು ಯಾರಾದರೂ ನಿಜವಾಗಿ ಮಾಡಿದರೆ ಪೀಣ್ಯದ ಬೈಕ್‌ನವರೆಲ್ಲ ಆಶೀರ್ವಾದ ಮಾಡುತ್ತಾರೆ, ಪ್ರತಿ ವರ್ಷ ಆ ಹೋಳುಗಳ ಮೇಲೆ ಜಾರಿ ಬೀಳುವವರನ್ನು ನೋಡುತ್ತಲೇ ಇದ್ದೇವಲ್ಲ.

ಯಜಮಾನರು ಬೇಜಾರು ಮಾಡಿಕೊಂಡರೆ? ಮಾಡಿಕೊಳ್ಳಬಹುದು. ನನ್ನ ಅನುಭವದಲ್ಲಿ ಮೊದಲೇ, ಮರ್ಯಾದೆಯಿಂದ, ಒಬ್ಬರೇ ಇದ್ದಾಗ ಹೇಳಿದವರಿಗೆ ತೊಂದರೆಯಾದದ್ದು ಕಡಿಮೆ. ಆದರೆ ಆಗುವುದೇ ಇಲ್ಲ ಅಂತ ಮಾತು ಕೊಡಲಾರೆ.

ಇನ್ನು ಲಾಡು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಪೌಲ ಕೊರಿಂಥದವರಿಗೆ ಮೂರು ಅಧ್ಯಾಯ ಬರೆದಿದ್ದಾನೆ, ಮೊದಲನೇ ಪತ್ರಿಕೆಯ 8ರಿಂದ 10. ಗುಡಿಯ ಪಂಕ್ತಿಯಲ್ಲಿ ಕೂತು ಪಾಲು ತೆಗೆದುಕೊಳ್ಳಬೇಡಿ ಅನ್ನುತ್ತಾನೆ. ಸಂತೆಯಲ್ಲಿ ಮಾರುವ ಮಾಂಸವನ್ನು ಎಲ್ಲಿಂದ ಬಂತು ಅಂತ ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಬಡಿಸಿದ್ದನ್ನು ಸುಮ್ನೆ ತಿನ್ನಿ, ಆದರೆ 'ಇದು ಅರ್ಪಿಸಿದ್ದು' ಅಂತ ಒಬ್ಬರು ಹೇಳಿದರೆ, ಹೇಳಿದವರ ಸಲುವಾಗಿ ಬಿಡಿ ಅನ್ನುತ್ತಾನೆ. ಅಕ್ಕ ಮಾದಪ್ಪನ ಪ್ರಸಾದ ಅಂತ ಹೇಳಿಯೇ ಕೊಟ್ಟರು. ಹಾಗಾಗಿ ಬೇಡ ಅಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಸಭೆಗಳಲ್ಲಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ನಾನು ತಿನ್ನುವುದಿಲ್ಲ. ಕೈಮುಗಿದು, 'ಅಕ್ಕಾ, ಅಷ್ಟು ದೂರದಿಂದ ನನ್ನ ನೆನೆಸಿಕೊಂಡು ತಂದಿರಲ್ಲ, ಅದೇ ಸಾಕು' ಅಂತೀನಿ. ಬಸ್ಸು ಸರಿಯಾಗಿ ಸಿಕ್ತಾ, ಜಾತ್ರೆ ಜನ ಜಾಸ್ತಿ ಇತ್ತಾ ಅಂತ ಕೇಳ್ತೀನಿ.

ಆದರೆ ಪೌಲನ ಮಾತಿನ ಒಳಗೆ ಒಂದು ಸಣ್ಣ ತಿರುವು ಇದೆ. ಹೇಳಿದವರ ಸಲುವಾಗಿ ಬಿಡಿ. ಲಾಡು ಬೇಡ ಅನ್ನುವಾಗ ಕಣ್ಣು ಲಾಡು ಕೊಟ್ಟವರ ಮೇಲಿರಬೇಕು. ನಿಮ್ಮ ಕಣ್ಣು ಎಲ್ಲಿತ್ತು? ಸ್ಟೋರ್ಸ್ ಹುಡುಗನ ಮೇಲೆ. ನೀವೇ ಬರೆದಿದ್ದೀರಿ, ಜೋರಾಗಿಯೇ ಹೇಳಿದೆ ಅಂತ. ಎದುರಿಗೆ ಎರಡು ಅಡಿ ದೂರದಲ್ಲಿ ನಿಂತ ಹೆಂಗಸಿಗೆ ಜೋರಾಗಿ ಹೇಳುವ ಅವಶ್ಯಕತೆ ಇರಲಿಲ್ಲ. 'ನಾನು' ಅನ್ನುವ ಕಡೆ 'ನಾವು' ಅಂದಿರಿ, ಅದೂ ಅವರಿಗಾಗಿ ಅಲ್ಲ. ಆ ಮಾತು ಭಾನುವಾರದ ಆರಾಧನೆ ತನಕ ಹೋಗಬೇಕಿತ್ತು, ಹೋಯಿತು.

ಒಂದು ಕೇಳಲಾ? ಕ್ರಿಸ್‌ಮಸ್‌ಗೆ ನೀವು ಆಫೀಸಿಗೆ ಕೇಕು, ಕಲ್‌ಕಲ್ ತೆಗೆದುಕೊಂಡು ಹೋಗುತ್ತೀರಿ ತಾನೇ? ಆ ಅಕ್ಕ ತಿಂದಿರುತ್ತಾರೆ. ಯಾವ ದೇವರ ಹೆಸರಿನದು ಅಂತ ಕೇಳಿರುವುದಿಲ್ಲ. ಸೆರಗಿನಲ್ಲಿ ಎರಡು ಕಟ್ಟಿಕೊಂಡು ಮೊಮ್ಮಕ್ಕಳಿಗೂ ಒಯ್ದಿರುತ್ತಾರೆ. ಅವರ ಲೆಕ್ಕದಲ್ಲಿ ನೀವಿಬ್ಬರೂ ಒಂದೇ ಪಂಕ್ತಿಯವರು. ಈಗ ನಿಮ್ಮ ಜಾಗ ಖಾಲಿ ಇದೆ. ಲಾಡು ತಿನ್ನದಿದ್ದಕ್ಕೆ ಬೇಜಾರಾಗಿ ಮರೆತುಬಿಡಬಹುದಿತ್ತು. ಊಟಕ್ಕೂ ಕೂರದೆ ಎದ್ದು ಹೋದಿರಲ್ಲ, ಅದನ್ನು ಯಾವ ವಾಕ್ಯ ಹೇಳಿತು? ಪೌಲ ಅನ್ಯರ ಮನೆ ಊಟಕ್ಕೆ ಹೋಗಿ ಅಂತ ಬರೆದ. ಅದೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ, ಹೊರಗಿನವರ ಸಹವಾಸವನ್ನೇ ಬಿಡಬೇಕಾದರೆ ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತದೆ ಅಂತಲೂ ಬರೆದ. ಆ ಟೇಬಲ್ಲಿನಿಂದ ಎದ್ದದ್ದು ಸಭೆಯ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ, ಬೇರೆ ಯಾವ ಕಾರಣಕ್ಕೂ ಅಲ್ಲ.

ನೀವು ಲೆಕ್ಕ ಬರೆಯುವವರು, ನಿಮಗೆ ಒಂದು ಪದ ಹೇಳುತ್ತೇನೆ. ಮತ್ತಾಯ 6ರಲ್ಲಿ ಯೇಸು, ತುತೂರಿ ಊದಿ ದಾನ ಕೊಡುವವರು, ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥನೆ ಮಾಡುವವರು ತಮಗೆ ಬರತಕ್ಕ ಫಲವನ್ನು ಹೊಂದಿಬಿಟ್ಟಿದ್ದಾರೆ ಅನ್ನುತ್ತಾನೆ. ಗ್ರೀಕಿನಲ್ಲಿ ಅಲ್ಲಿರುವ ಕ್ರಿಯಾಪದ 'ಅಪೆಖೊ'. ಆ ಕಾಲದ ಐಗುಪ್ತದಲ್ಲಿ ಪಪೈರಸ್ ಹಾಳೆ, ಮಡಕೆ ಚೂರುಗಳ ಮೇಲೆ ಬರೆದ ರಸೀದಿಗಳು ರಾಶಿಗಟ್ಟಲೆ ಸಿಕ್ಕಿವೆ. ದುಡ್ಡು ಬಂತು, ಪೂರ್ತಿ ಸಂದಾಯ ಅನ್ನೋದಕ್ಕೆ ಅವುಗಳಲ್ಲಿ ಬಳಸಿರುವುದು ಇದೇ ಪದ. ಯೇಸು ಅವರಿಗೆ ಶಾಪ ಹಾಕಲಿಲ್ಲ. ಬಿಲ್ಲು ಕ್ಲಿಯರ್ ಆಯಿತು ಅಂದ, ಅಷ್ಟೇ. ಭಾನುವಾರ ಸಭೆ ಮುಗಿದ ಮೇಲೆ ನಿಮ್ಮ ಬೆನ್ನು ತಟ್ಟಿದರಲ್ಲ, ಅದು ಲಾಡಿನ ರಸೀದಿ. ಆ ಖಾತೆಯಲ್ಲಿ ಇನ್ನು ಬಾಕಿ ಏನೂ ಉಳಿದಿಲ್ಲ. ನೆಮ್ಮದಿ ಬರಲಿಲ್ಲ ಯಾಕೆ ಅಂತ ಕೇಳಿದ್ದೀರಿ, ಅದು ಆ ಬಿಲ್ಲಿನಲ್ಲಿ ಇರಲೇ ಇಲ್ಲ.

ಇಷ್ಟು ಕಟುವಾಗಿ ಬರೆಯುವ ಧೈರ್ಯ ನನಗೆ ಎಲ್ಲಿಂದ ಬಂತು ಅಂದರೆ, ಇಂಥದ್ದೇ ರಸೀದಿ ನನ್ನ ಹತ್ತಿರವೂ ಒಂದಿದೆ.

ಬಹಳ ವರ್ಷದ ಹಿಂದೆ, ಊರಿನ ಒಂದು ಕನ್ನಡ ಸಭೆಯಲ್ಲಿದ್ದೆ. ಸಭೆಯ ಒಂದು ಕುಟುಂಬದ ಹುಡುಗಿ ಬೇರೆ ಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಸಮಿತಿಯಲ್ಲಿ ದೊಡ್ಡ ಗಲಾಟೆ. ಒಂದು ವರ್ಷದ ಮೇಲೆ ಆ ಹುಡುಗಿಯ ತಂದೆ ನಮ್ಮ ಮನೆಗೆ ಬಂದರು. ಒಳಗೆ ಕೂರಲಿಲ್ಲ, ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು, 'ಅಯ್ಯನವರೇ, ಶನಿವಾರ ಮಗುವಿಗೆ ಹೆಸರಿಡ್ತಿದ್ದೀವಿ, ಒಂದೈದು ನಿಮಿಷ ಬಂದು ಪ್ರಾರ್ಥನೆ ಮಾಡಿ ಹೋಗಿ' ಅಂದರು. ಶನಿವಾರ ಮೀಟಿಂಗ್ ಇದೆ ಅಂದೆ. ಮೀಟಿಂಗ್ ಇರಲಿಲ್ಲ. ಹೋದರೆ ಸಮಿತಿಯವರು ಏನಂತಾರೋ ಅನ್ನೋದೊಂದೇ ತಲೆಯಲ್ಲಿತ್ತು. ಶನಿವಾರ ಸಂಜೆ ಮನೆಯಲ್ಲೇ ಪೇಪರ್ ಹಿಡಿದು ಕೂತಿದ್ದೆ. ನನ್ನ ಹೆಂಡತಿ ಕಾಫಿ ಲೋಟ ತಂದಿಟ್ಟು, 'ಮೀಟಿಂಗ್ ಬೇಗ ಮುಗೀತಾ?' ಅಂದಳು. ಅಷ್ಟೇ ಕೇಳಿದ್ದು. ಮಾರನೇ ದಿನ ಆರಾಧನೆ ಆದಮೇಲೆ ಸಮಿತಿಯ ಒಬ್ಬರು ಕೈ ಕುಲುಕಿ, 'ಒಳ್ಳೆ ಸ್ಟ್ಯಾಂಡ್ ತಗೊಂಡ್ರಿ ಅಯ್ಯನವರೇ' ಅಂದರು. ನಾನು ಇಲ್ಲ ಅನ್ನಲಿಲ್ಲ.

ಆ ಕುಟುಂಬ ನಿಧಾನವಾಗಿ ಸಭೆಗೆ ಬರುವುದನ್ನು ಬಿಟ್ಟಿತು. ಮುಂದೆ ಒಂದು ದಿನ ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಆ ತಂದೆ ಎದುರಾದರು. ತಪ್ಪಿಸಿಕೊಂಡು ಹೋಗೋಣ ಅಂತ ಒಂದು ಹೆಜ್ಜೆ ಇಟ್ಟಿದ್ದೆ ಕೂಡ. ಅವರೇ ಕೂಗಿ ಕರೆದು ಕಾಫಿ ಕುಡಿಸಿದರು, ಅವರೇ ದುಡ್ಡು ಕೊಟ್ಟರು. ನಾನು ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. 'ಮಗು ಈಗ ಓಡಾಡುತ್ತೆ ಅಯ್ಯನವರೇ' ಅಂದರು.

ಇಲ್ಲಿ ನೀವು ಒಂದು ಪ್ರಶ್ನೆ ಹಾಕಬಹುದು. ಜನರನ್ನು ಮೆಚ್ಚಿಸಬಾರದು ಅಂತ ಗಲಾತ್ಯದವರಿಗೆ ಬರೆದ ಪೌಲನೇ, ನಾನು ಎಲ್ಲಾ ವಿಷಯಗಳಲ್ಲೂ ಎಲ್ಲರನ್ನೂ ಮೆಚ್ಚಿಸುತ್ತೇನೆ ಅಂತ 1 ಕೊರಿಂಥ 10ರ ಕೊನೆಯಲ್ಲಿ ಬರೆದಿದ್ದಾನಲ್ಲ? ಹೌದು, ಬರೆದಿದ್ದಾನೆ. ಆದರೆ ಅದೇ ಉಸಿರಿನಲ್ಲಿ, ನನ್ನ ಲಾಭ ನೋಡದೆ ಅವರ ಲಾಭ ನೋಡುತ್ತಾ ಅಂತ ಸೇರಿಸಿದ್ದಾನೆ. ಯೆಹೂದ್ಯರ ಜೊತೆ ಯೆಹೂದ್ಯನ ಹಾಗೆ, ಅನ್ಯರ ಜೊತೆ ಅನ್ಯರ ಹಾಗೆ ಇದ್ದ. ಅಂದರೆ ಜನ ಬದಲಾದಾಗ ನಾವೂ ಬದಲಾದರೆ ಅದೆಲ್ಲ ಕಪಟ ಅಂತ ತಿಳಿಯಬೇಡಿ. ನೋಡಬೇಕಾದದ್ದು, ಬದಲಾದದ್ದರಿಂದ ಯಾರಿಗೆ ಜಾಗ ಸಿಕ್ಕಿತು, ಯಾರ ಜಾಗ ಹೋಯಿತು ಅನ್ನೋದನ್ನು. ಅಂತಿಯೋಕ್ಯದಲ್ಲಿ ಪೇತ್ರ ಬದಲಾದಾಗ ಅನ್ಯಜನರು ಎಲೆ ಮುಂದೆ ಒಂಟಿಯಾದರು. ಪೌಲನಿಗೆ ಸಿಟ್ಟು ಬಂದದ್ದು ಅದಕ್ಕೆ.

ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಅವರ ಪ್ರತಿಮೆ ನೋಡಿರುತ್ತೀರಿ. ಎಲ್ಲರಿಗೂ ಅವರ 1894ರ ನಿಘಂಟು ಗೊತ್ತು. ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದು 'ಕಥಾಮಾಲೆ' ಅಂತ ತಂದರು. ಜರ್ಮನಿಯಿಂದ ಬಂದ ಮಿಷನರಿ ಗದ್ಯದಲ್ಲಿ ನಾಲ್ಕು ಕರಪತ್ರ ಹಂಚಿದ್ದರೂ ಯಾರೂ ಕೇಳುತ್ತಿರಲಿಲ್ಲ. ಕನ್ನಡದವರ ಕಿವಿಗೆ ಹತ್ತಿರವಾಗಲಿ ಅಂತ ಹಳೆಯ ಕಾವ್ಯ ಕೂತು ಕಲಿತರು. ಮೆಚ್ಚಿಸುವುದು ಅಂದರೆ ಹಾಗೂ ಇರುತ್ತದೆ, ಎದುರಿಗಿರುವವರಿಗಾಗಿ ಬೆವರು ಸುರಿಸುವುದು.

ಭಯದ ಬಗ್ಗೆ ಒಂದು ಮಾತು. ಭಯಪಟ್ಟದ್ದಕ್ಕೆ ನಿಮ್ಮನ್ನು ನೀವು ಜಾಸ್ತಿ ಹೊಡೆದುಕೊಳ್ಳಬೇಡಿ. ಯೋಹಾನನ ಸುವಾರ್ತೆಯಲ್ಲಿ ಹೆದರಿದವರ ಸಾಲೇ ಇದೆ. ಯೇಸು ಕಣ್ಣು ಕೊಟ್ಟ ಹುಟ್ಟು ಕುರುಡನ ಅಪ್ಪ ಅಮ್ಮ, ಅವನಿಗೆ ಕಣ್ಣು ಹೇಗೆ ಬಂತು ಅಂತ ಕೇಳಿದ್ದಕ್ಕೆ, 'ಅವನು ಪ್ರಾಯದವನು, ಅವನನ್ನೇ ಕೇಳಿ' ಅಂತ ಜಾರಿಕೊಂಡರು, ಸಭಾಮಂದಿರದಿಂದ ಬಹಿಷ್ಕಾರ ಹಾಕುತ್ತಾರೆ ಅನ್ನೋ ಭಯಕ್ಕೆ. ಬಹಿಷ್ಕಾರ ಅಂದರೆ ನಮ್ಮ ಹಳ್ಳಿಗಳಲ್ಲಿ ಏನಾಗುತ್ತಿತ್ತು ಅಂತ ಗೊತ್ತಲ್ಲ, ಬೆಂಕಿ ನೀರು ಬಂದ್. ಯೆಹೂದ್ಯರ ಹಿರಿಯರಲ್ಲಿ ಒಬ್ಬನಾದ ನಿಕೊದೇಮ ಮೊದಲು ರಾತ್ರಿ ಕತ್ತಲಲ್ಲಿ ಯೇಸುವಿನ ಹತ್ತಿರ ಬಂದ. 7ನೇ ಅಧ್ಯಾಯದಲ್ಲಿ, ವಿಚಾರಣೆ ಮಾಡದೆ ತೀರ್ಪು ಕೊಡಬಹುದಾ ಅಂತ ಆ ಹಿರಿಯರ ಮುಂದೆ ಅರ್ಧ ಮಾತು ಆಡಿದ, ಬೈಸಿಕೊಂಡು ಸುಮ್ಮನಾದ. 19ನೇ ಅಧ್ಯಾಯಕ್ಕೆ ಬರುವಾಗ ಯೇಸುವಿನ ಹೆಣಕ್ಕೆ ಹಾಕಲು ರಕ್ತಬೋಳ, ಅಗರು ತೆಗೆದುಕೊಂಡು ಬರುತ್ತಾನೆ. ಎಷ್ಟು? ಈಗಿನ ತೂಕದಲ್ಲಿ ಸುಮಾರು 33 ಕೆಜಿ. ಒಂದು ಮೂಟೆ. ಅಷ್ಟನ್ನು ಯಾರಿಗೂ ಕಾಣದ ಹಾಗೆ ಹೊತ್ತು ತರಲು ಆಗುವುದಿಲ್ಲ. ವಾಸನೆಯೇ ಬೀದಿಗೆಲ್ಲ ಹೇಳುತ್ತದೆ. ಮೂರನೇ ಅಧ್ಯಾಯದಿಂದ 19ಕ್ಕೆ ಬರಲು ಅವನಿಗೆ ವರ್ಷಗಳೇ ಹಿಡಿದಿರಬೇಕು. ಯೋಹಾನ ಅವನನ್ನು ಎಲ್ಲೂ ಹಂಗಿಸುವುದಿಲ್ಲ.

ಮನೆಕೂಟದ ಆ ಹಿರಿಯರ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಜಾಸ್ತಿ ಬರೆದರೆ ನನಗೇ ಸಿಟ್ಟು ಬರುತ್ತದೆ. ಸಹೋದರ ತಪ್ಪು ಮಾಡಿದರೆ ಅವನ ಹತ್ತಿರ ಒಬ್ಬನೇ ಹೋಗಿ ತಿಳಿಸು ಅಂತ ಮತ್ತಾಯ 18ರಲ್ಲಿದೆ. ಕಣ್ಣು ಮುಚ್ಚಿಕೊಂಡು ಹತ್ತು ಜನರ ಮುಂದೆ ದೇವರಿಗೆ ವರದಿ ಒಪ್ಪಿಸು ಅಂತ ಇಲ್ಲ. ಅವರು ಮಾಡದ್ದನ್ನು ನೀವು ಮಾಡಿ. ಅವರ ಮನೆಗೆ ಹೋಗಿ, 'ಅಣ್ಣಾ, ಆರತಿ ಎತ್ತಿದ್ದು ನನ್ನ ತಪ್ಪು, ಯಜಮಾನರಿಗೂ ಹೇಳಿದ್ದೀನಿ. ಲಾಡಿನ ವಿಷಯಕ್ಕೆ ನನ್ನ ಹೊಗಳಬೇಡಿ, ಅವತ್ತು ನಾನು ಮಾಡಿದ್ದೂ ತಪ್ಪೇ' ಅಂತ ಹೇಳಿ. ಎರಡನೇ ಮಾತು ಹೇಳುವುದು ಕಷ್ಟ. ಅವರ ಮುಖ ಸಣ್ಣದಾಗಬಹುದು. ಆ ಹುಡುಗನಿಗೂ ಇದನ್ನೇ ಹೇಳಿ, ಅವನು ನಿಮ್ಮನ್ನು ನೋಡಿ ಕಲಿಯುತ್ತಿದ್ದಾನೆ.

ಉಳಿದದ್ದು ಸಮಿತಿ ಚುನಾವಣೆ. ನಿಲ್ಲಬೇಡಿ ಅಂತ ನಾನು ಹೇಳುವುದಿಲ್ಲ. ಲೆಕ್ಕ ಗೊತ್ತಿರುವ ಪ್ರಾಮಾಣಿಕರು ನಮ್ಮ ಸಮಿತಿಗಳಿಗೆ ಎಷ್ಟು ಬೇಕು ಅಂತ ನನಗೆ ಗೊತ್ತು, ಆಡಿಟ್ ಸಮಯದಲ್ಲಿ ತಲೆ ಚಚ್ಚಿಕೊಂಡಿದ್ದೇನೆ. ಆದರೆ ನಾಮಪತ್ರ ಬರೆಯುವ ಮುಂಚೆ 1 ಸಮುವೇಲ 15 ಒಂದು ಸಲ ಓದಿ. ದೇವರ ಆಜ್ಞೆ ಮೀರಿದ ಸೌಲ ರಾಜ, ಜನರಿಗೆ ಹೆದರಿ ಅವರ ಮಾತು ಕೇಳಿಬಿಟ್ಟೆ ಅಂತ ಪ್ರವಾದಿ ಸಮುವೇಲನ ಮುಂದೆ ಒಪ್ಪಿಕೊಳ್ಳುತ್ತಾನೆ. ಒಳ್ಳೇ ಮಾತು. ಸ್ವಲ್ಪ ಹೊತ್ತಿಗೆ, ಈಗ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು, ನನ್ನ ಜೊತೆ ಬಾ ಅಂತ ಅಂಗಲಾಚುತ್ತಾನೆ. ಪಾಪ ಒಪ್ಪಿಕೊಂಡ ಬಾಯಲ್ಲೇ. ನಗು ಬರುತ್ತದೆ, ಆಮೇಲೆ ನಮ್ಮದೇ ಮುಖ ಕಾಣುತ್ತದೆ.

ನಾಳೆ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ನಿಮ್ಮ ಹಳೇ ಜಾಗಕ್ಕೆ ಹೋಗಿ ಕೂತುಕೊಳ್ಳಿ. ಭಾಷಣ ಬೇಡ. 'ಅಕ್ಕಾ, ಅವತ್ತು ನಾನು ಮಾತಾಡಿದ ರೀತಿ ಸರಿಯಿಲ್ಲ, ಮನಸ್ಸಿಗೆ ಹಚ್ಕೋಬೇಡಿ' ಅಂದರೆ ಸಾಕು. ಅವರು ತಕ್ಷಣ ಏನೂ ಅನ್ನದಿರಬಹುದು. 'ಇರ್ಲಿ ಬಿಡಿ ಸಾರ್' ಅಂತ ಎದ್ದು ಲೋಟ ತೊಳೆಯೋಕೆ ಹೋಗಬಹುದು. ಮಾರನೇ ದಿನವೂ ಹೋಗಿ ಕೂತುಕೊಳ್ಳಿ. ನಾಮಪತ್ರಕ್ಕೆ ಭಾನುವಾರ ಕೊನೆಯ ದಿನ ಅಂದಿರಿ. ಪೀಣ್ಯದಲ್ಲಿ ಶನಿವಾರವೂ ಕೆಲಸ ಅಲ್ವಾ, ಅದಕ್ಕೆ ಮುಂಚೆ ಆರು ಊಟಗಳಿವೆ.